ಕೈಬರಹದ ಖಾನೆ

ಡುಲೂತಿನ ಗುಡ್ಡದ ಮೇಲಿನ ಕಾಲೇಜು, ಎರಡನೇ ಮಹಡಿ.
ಕಿಟಕಿಯಾಚೆ ಸರೋವರ ಇನ್ನೂ ಕಲ್ಲಾಗಿಯೇ ಇದೆ.
ವಾರಕ್ಕೆ ನಲವತ್ತು ಚೀಟಿ, ನೀಲಿ ಶಾಯಿ,
ಅಚ್ಚು ಹಾಕಿದಂತೆ ಕಾಣಬಾರದೆಂದು ಮೇಲಿನವರ ಅಪ್ಪಣೆ.
ಒಂದೆರಡು ಕಡೆ ಹೊಡೆದುಹಾಕಿದರೂ ಚೆಂದ
ಎಂದಿದ್ದಳು ಮಾರ್ಗಿಟ್, ಇಲ್ಲೇ ಇಪ್ಪತ್ತು ವರ್ಷ ಸವೆದವಳು,
ಮನುಷ್ಯರು ಬರೆದದ್ದು ಅಂತ ಗೊತ್ತಾಗಲಿ.

ಆಮೇಲೆ ಪರದೆಯ ಪಟ್ಟಿಯಲ್ಲಿ ಒಂದು ಖಾನೆ:
ವೈಯಕ್ತಿಕ ಸಂಪರ್ಕ. ಹೌದು. ಇಲ್ಲ.
ಹೌದು ಒತ್ತುತ್ತೇನೆ.
ನೆಂಟರ ಮೇಲೂ ಪ್ರೀತಿ, ಅಕ್ಕಿಯ ಮೇಲೂ ಆಸೆ.
ಅಜ್ಜಿಯ ಈ ಮಾತು ಯಾರ ಕುರಿತು ಎಂದು
ನನಗೆ ತಿಳಿದದ್ದು ಈ ಕುರ್ಚಿಯಲ್ಲಿ ಕೂತ ಮೇಲೆ.

ಜನವರಿಯ ಕೊನೆಗೆ ಬಂತು ಓರಿನ್ ಹೌಗೆನ್ ನುಡಿಸಿದ್ದು.
ಊರು ಮೈನಾಟ್, ನಾರ್ತ್ ಡಕೋಟಾ. ವಾದ್ಯ ಟ್ಯೂಬಾ.
ಅಮ್ಮನ ಲಾಂಡ್ರಿಯಲ್ಲಿ, ಅಂಗಡಿ ಮುಚ್ಚಿದ ಮೇಲೆ ಮುದ್ರಿಸಿದ್ದಂತೆ.
ಪೂರ್ತಿ ಮುಚ್ಚಿರಲಿಲ್ಲ. ಒಣಗಿಸುವ ಯಂತ್ರವೊಂದು
ಯಾರದೋ ಕೋಟಿನ ಗುಂಡಿಯನ್ನು ತನ್ನ ಒಡಲಿಗೇ ಬಡಿಯುತ್ತ
ತಿರುಗುತ್ತಲೇ ಇತ್ತು: ಟಕ್, ಟಕ್, ಅರೆಗಳಿಗೆ ಬಿಟ್ಟು ಟಕ್.
ಹುಡುಗ ಅದನ್ನು ನಿಲ್ಲಿಸಲಿಲ್ಲ. ಅದಕ್ಕೆ ಸೋಲಲೂ ಇಲ್ಲ.
ಗಲ್ಲಿಯಲ್ಲಿ ಎದುರಾದ ಸೈಕಲ್ಲಿಗೆ
ಬದಿಗೆ ಸರಿದು ದಾರಿ ಬಿಡುವ ಆನೆಯ ಹಾಗೆ
ನುಡಿಸುತ್ತ ಹೋದ.

ಸಮಿತಿ ಕೂತಿತ್ತು, ಹೆಣ್ಣು ನೋಡಲು ಬಂದವರ ಗತ್ತಿನಲ್ಲಿ.
ಒಬ್ಬರಂತೂ ಉಪ್ಪಿಟ್ಟು ತಿಂದು ಕೈತೊಳೆಯಲು ಎದ್ದ ಹಾಗೆಯೇ ಎದ್ದರು.
ಹಿಂದೆ ಸದ್ದು ಜಾಸ್ತಿ, ಎಂದರು.

ನಾನು ಬರೆದೆ:
ಪ್ರಿಯ ಓರಿನ್, ಆ ಗುಂಡಿಯ ತಾಳ ಇಲ್ಲಿಯವರೆಗೂ ಕೇಳಿಸಿತು.
ಮೂರನೇ ಸಾಲಿನ ಕೊನೆಗೆ ಉಸಿರನ್ನು ಬೇಗ ಎಳೆದುಕೊಳ್ಳುತ್ತೀಯ,
ಸ್ವರ ಇನ್ನೂ ಮುಗಿದಿರುವುದಿಲ್ಲ. ಮಿಕ್ಕಂತೆ
ಎಂದು ಬರೆದು, ಮಿಕ್ಕಂತೆ ಏನೆಂದು ತೋಚದೆ
ಹೊಡೆದುಹಾಕಿದೆ.
ಅದು ಅಪ್ಪಣೆಯ ಪ್ರಕಾರ ಹೊಡೆದದ್ದಲ್ಲ.

ಫೋನೂ ಮಾಡಿದೆ. ಎತ್ತಿದ್ದು ತಾಯಿ.
ಹಿಂದೆ ನೀರು ತುಂಬುವ ಸದ್ದು, ಚಿಲ್ಲರೆ ಸುರಿಯುವ ಸದ್ದು.
"ಏನಾದರೂ ಮಾರುವವರಾ?"
ಅಲ್ಲ ಎಂದೆ.
ಹೌದು ಎನ್ನಬೇಕಿತ್ತು, ಅಥವಾ
ಹೌದನ್ನೂ ಅಲ್ಲವನ್ನೂ ಒಟ್ಟಿಗೇ ಹೇಳುವ ಒಂದು ಶಬ್ದ
ಯಾವ ಭಾಷೆಯಲ್ಲಾದರೂ ಇರಬೇಕಿತ್ತು.
ಆಕೆ ಕೇಳಿದ್ದು ಒಂದೇ ಪ್ರಶ್ನೆ, ಖರ್ಚು.
ವಿದ್ಯಾರ್ಥಿವೇತನ ಕಳೆದು, ಸಾಲ ಕಳೆದು
ಇನ್ನೂ ಹನ್ನೊಂದು ಸಾವಿರ ಡಾಲರು, ವರ್ಷಕ್ಕೆ.
"ಎಷ್ಟು ಒಗೆತ ಆಯ್ತು ಅದು?" ಎಂದು ನಕ್ಕಳು.
ನಗುತ್ತಲೇ ಲೆಕ್ಕ ಹಾಕಿಯೂ ಬಿಟ್ಟಳು:
ಎರಡು ಸಾವಿರದ ಏಳುನೂರ ಐವತ್ತು.

ಮೇ ಒಂದು. ಮುಂಗಡ ಕಟ್ಟಿದವರ ಪಟ್ಟಿ.
ಹಾರ್ಟ್‌ವಿಗ್ ಆದ ಮೇಲೆ ನೇರ ಹಿಬರ್ಟ್.
ನಡುವೆ ಒಂದು ಕೂದಲೆಳೆಯ ಗೆರೆ.
ನಲವತ್ತಕ್ಕೆ ಆರು ಬಂದರೆ ಹಬ್ಬ, ಎಂದಳು ಮಾರ್ಗಿಟ್
ತನ್ನ ಕಾಫಿಯನ್ನು ನನ್ನತ್ತ ತಳ್ಳುತ್ತ.
ಕೆಳಗೆ ಬಂದರಿಗೆ ಅದಿರಿನ ಹಡಗು ಬರುತ್ತಿತ್ತು.
ಹಡಗು ಕೂಗಿತು. ಮೇಲೆದ್ದ ಸೇತುವೆ ಮರುಕೂಗಿತು.
ಅಷ್ಟು ತಗ್ಗಿನ ಸ್ವರವನ್ನು ನಾನು
ಇನ್ನೊಂದೇ ಕಡೆ ಕೇಳಿದ್ದೆ.

ಜೂನಿನಲ್ಲಿ ಒಂದು ಸಂಜೆ, ಗುರುತಿಲ್ಲದ ನಂಬರು.
"ನಾನು ಅಲ್ಲಿಗೆ ಬರ್ತಿಲ್ಲ." ಮೊದಲ ಮಾತೇ ಅದು,
ನಾನು ಮತ್ತೆ ಅಂಗಡಿ ಹರಡಿಯೇನು ಎಂಬಂತೆ.
"ಇಲ್ಲೇ ಊರ ಕಾಲೇಜು. ಅಮ್ಮನಿಗೂ ಕೈಗಾಗುತ್ತೆ.
ಆದ್ರೆ ಆ ಚೀಟಿ. ಹೊಡೆದುಹಾಕಿದ್ದನ್ನ
ಬೆಳಕಿಗೆ ಹಿಡಿದು ಓದ್ದೆ. ಮಿಕ್ಕಂತೆ ಅಂತಿದೆ.
ಮಿಕ್ಕಂತೆ, ಏನು?"

ಪರದೆಯಲ್ಲಿ ಅವನ ಹೆಸರು ಆಗಲೇ ಬೂದಿಬಣ್ಣ.
ಹೌದು, ಇಲ್ಲ, ಎರಡೂ ಒತ್ತಲಾಗದ ಹಾಗೆ ಮುಚ್ಚಿದ್ದರು.
ನುಡಿಸು, ಎಂದೆ.

ಏನೋ ಎಳೆದ ಸದ್ದು, ಕುರ್ಚಿಯೋ, ಬಟ್ಟೆಬುಟ್ಟಿಯೋ.
ಆಮೇಲೆ ಟ್ಯೂಬಾ, ಅದರ ಕೆಳಗೆ ಯಾರದೋ ಗುಂಡಿ.
ಒಂದನೇ ಸಾಲು. ಎರಡನೇದು.
ಮೂರನೆಯದರ ಕೊನೆಗೆ ನಾನು ಉಸಿರು ಹಿಡಿದೆ.
ಅವನು ಇನ್ನೂ ಎಳೆದುಕೊಂಡಿರಲಿಲ್ಲ.